ಡೀಸೆಲ್ ಗಾಡಿಯ ಬೂಸ್ಟ್ ಗೇಜ್ ಗೀರ್ ಅಂತ ಕೂಗುತ್ತಿದೆ, ಯಾರಾದ್ರೂ ಸರಿ ಮಾಡಿದ್ದೀರಾ?

ಮಲೆನಾಡ್_ಡೀಸೆಲ್

ಎಲ್ಲರಿಗೂ ನಮಸ್ಕಾರ. ನಮ್ಮದು 2011ರ ಡೀಸೆಲ್ ಗಾಡಿ, 2.5 ಲೀಟರ್, ಕಾಮನ್ ರೈಲ್, ವೇಸ್ಟ್‌ಗೇಟ್ (ಒತ್ತಡ ಮಿತಿ ಮೀರದಂತೆ ತೆರೆದುಕೊಳ್ಳುವ ಬಾಗಿಲು) ಇರುವ ಸಾದಾ ಟರ್ಬೊ. ಯಾವ ಕಂಪನಿ ಅಂತ ಹೇಳಲ್ಲ, ಹೇಳಿದರೆ ಚರ್ಚೆ ಮೈಲೇಜಿನ ಕಡೆ ಹೋಗುತ್ತದೆ.

ಹೋದ ತಿಂಗಳು ಆಸೆಪಟ್ಟು ಒಂದು ಮೆಕ್ಯಾನಿಕಲ್ ಬೂಸ್ಟ್ ಗೇಜ್ ಹಾಕಿಸಿದೆ, ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ (ಬೂಸ್ಟ್) ತೋರಿಸುವಂಥದ್ದು. 52 ಎಂಎಂ ಡಯಲ್, 2 ಬಾರ್ ತನಕ ಇದೆ. ಮುಂದಿನ ಗ್ಲಾಸಿನ ಪಕ್ಕದ ಕಂಬಕ್ಕೆ ಕೂರಿಸಿದ್ದಾರೆ. ಎಂಜಿನ್ ಕಡೆಯಿಂದ ತೆಳ್ಳಗಿನ ಹೋಸ್ ಒಳಗೆ ಬರುತ್ತದೆ, ನೇರ ಗೇಜಿನ ಹಿಂಭಾಗಕ್ಕೆ. ವಯರು ದೀಪಕ್ಕೆ ಮಾತ್ರ.

ಸಮಸ್ಯೆ ಏನಂದ್ರೆ ಸದ್ದು. ಮೂರನೇ ಗೇರಿನಲ್ಲಿ ಏರು ಹತ್ತುವಾಗ, 1,800ರಿಂದ 2,200 ಆರ್‌ಪಿಎಂ ನಡುವೆ, ಬೆಂಕಿಪೊಟ್ಟಣದೊಳಗೆ ಜೀರುಂಡೆ ಹಿಡಿದಿಟ್ಟ ಹಾಗೆ ಗೀರ್ ಅನ್ನುತ್ತದೆ. ಆಗ ಮುಳ್ಳು ಒಂದಲ್ಲ ಎರಡು ಕಾಣುತ್ತದೆ, ಅಷ್ಟು ನಡುಗುತ್ತದೆ. 2,500 ದಾಟಿದರೆ ಸುಮ್ಮನಾಗುತ್ತದೆ. ಇದರ ಜೊತೆಗೆ ಆಕ್ಸಿಲೇಟರ್ ಒತ್ತಿದಾಗಲೆಲ್ಲ ಎಲ್ಲಿಂದಲೋ ಸುಯ್ ಅಂತ ಇನ್ನೊಂದು ಸದ್ದು. ಹಾಕಿಕೊಟ್ಟ ಅಂಗಡಿಯವರನ್ನು ಕೇಳಿದರೆ "ಮೆಕ್ಯಾನಿಕಲ್ ಅಲ್ವಾ ಸಾರ್, ಹಾಗೇ ಇರುತ್ತೆ" ಅಂದರು. ಮನೆಯವಳು ಮಾತ್ರ ಇದನ್ನು ಕಿತ್ತು ಹಾಕೋವರೆಗೆ ಆಗುಂಬೆ ಕಡೆ ಬರಲ್ಲ ಅಂತಿದ್ದಾಳೆ. ತವರು ಅಲ್ಲೇ, ಆದ್ರೂ!

ಕೆಎ20_ಸವಾರ

ಕಿತ್ತು ಬಿಸಾಡಿ ಮಾರಾಯ್ರೆ. ಗಾಡಿಯ ಕಂಪ್ಯೂಟರಿನ ಅಂಕಿ ಫೋನಿಗೆ ಕಳಿಸುವ ಓಬಿಡಿ ಡಾಂಗಲ್ ಒಂದು ತಗೊಳ್ಳಿ, ಫೋನಿನಲ್ಲೇ ಬೂಸ್ಟ್ ತೋರಿಸುತ್ತದೆ. ಹೋಸಿಲ್ಲ, ಸದ್ದಿಲ್ಲ, ಎಂಜಿನ್ನಿನ ಗಾಳಿ ಮುಖದ ಮುಂದೆ ಬರೋದೂ ಇಲ್ಲ.

ಮಲೆನಾಡ್_ಡೀಸೆಲ್

ಡಾಂಗಲ್ ಇದೆ ಅಣ್ಣ. ಅದರಲ್ಲಿ ಅಂಕಿ ತಡವಾಗಿ ಬದಲಾಗುತ್ತದೆ, ಮುಳ್ಳು ಏರೋದನ್ನು ನೋಡುವ ಖುಷಿಯೇ ಬೇರೆ. ಇನ್ನೊಂದು ಡೌಟು: ಗೇಜಿನಲ್ಲಿ 1.1 ಬಾರ್ ಇದ್ದಾಗ ಫೋನಿನಲ್ಲಿ 2ರ ಮೇಲೆ ತೋರಿಸುತ್ತದೆ. ಯಾವುದು ಸುಳ್ಳು?

ಗೇಜ್_ಮೇಷ್ಟ್ರು

ಎರಡೂ ನಿಜ. ನಾನು ಐಟಿಐನಲ್ಲಿ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಪಾಠ ಹೇಳುತ್ತಿದ್ದವನು, ಈ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು. ನಿಮ್ಮ ಗೇಜು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ ತೋರಿಸುತ್ತದೆ. ಫೋನು ಸೊನ್ನೆಯಿಂದ ಎಣಿಸುತ್ತದೆ, ಅಂದ್ರೆ ಹೊರಗಿನ ಗಾಳಿಯ ಒತ್ತಡವೂ ಅದರಲ್ಲಿ ಸೇರಿದೆ. ಸಮುದ್ರ ಮಟ್ಟದಲ್ಲಿ ಅದು ಹೆಚ್ಚುಕಡಿಮೆ 1 ಬಾರ್, ಚಿಕ್ಕಮಗಳೂರಿನ ಎತ್ತರಕ್ಕೆ ಬಂದರೆ 0.9ರ ಹತ್ತಿರ. ಅದನ್ನು ಕಳೆದು ನೋಡಿ, ತಾಳೆ ಬೀಳುತ್ತದೆ.

ಈಗ ಸದ್ದಿನ ವಿಷಯ. ಇದು ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಓದಿ.

ಗೇಜಿನ ಒಳಗೆ ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಗ್ಗಿಸಿದ, ಚಪ್ಪಟೆಯಾದ ಹಿತ್ತಾಳೆ ಅಥವಾ ಕಂಚಿನ ಕೊಳವೆ ಇರುತ್ತದೆ. ಬೂರ್ಡನ್ ಟ್ಯೂಬ್ ಅಂತಾರೆ. ಫ್ರಾನ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಪೇಟೆಂಟ್ ತಗೊಂಡದ್ದು, ಇವತ್ತಿಗೂ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಮೇಲೆ ಕೂತಿರೋದು ಅದೇ. ಒಳಗೆ ಗಾಳಿ ತುಂಬಿದಾಗ ಕೊಳವೆ ನೆಟ್ಟಗಾಗಲು ನೋಡುತ್ತದೆ, ಮಕ್ಕಳು ಜಾತ್ರೆಯಲ್ಲಿ ಊದುವ ಕಾಗದದ ಸುರುಳಿ ಪೀಪಿ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ. ಅದರ ತುದಿ ಅಲುಗಾಡೋದು ಒಂದೆರಡು ಮಿಲಿಮೀಟರು. ಅಷ್ಟನ್ನು ಒಂದು ಹಲ್ಲಿನ ಪಟ್ಟಿ ಮತ್ತು ಪುಟ್ಟ ಗೇರು ಸೇರಿ ದೊಡ್ಡದು ಮಾಡಿ ಮುಳ್ಳನ್ನು ತಿರುಗಿಸುತ್ತವೆ.

ನಿಮ್ಮ ಎಂಜಿನ್ ಗಾಳಿಯನ್ನು ಒಂದೇ ಸಮ ಎಳೆಯೋದಿಲ್ಲ. ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್, ಅಂದ್ರೆ ಒಂದು ಸುತ್ತಿಗೆ ಎರಡು ಸಲ ಗುಟುಕರಿಸುತ್ತದೆ. 2,000 ಆರ್‌ಪಿಎಂನಲ್ಲಿ ನಿಮಿಷಕ್ಕೆ 4,000 ಗುಟುಕು, ಸೆಕೆಂಡಿಗೆ 67ರ ಹತ್ತಿರ. ಪ್ರತಿ ಗುಟುಕಿಗೂ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಸ್ವಲ್ಪ ಇಳಿದು ಏರುತ್ತದೆ. ಆ ಬಡಿತ ಹೋಸಿನಲ್ಲಿ ಓಡಿ ಬಂದು ಕೊಳವೆಯನ್ನು ಅಲುಗಾಡಿಸುತ್ತದೆ. ಗೇರಿನ ಹಲ್ಲುಗಳ ನಡುವಿನ ಸಂದಿನಲ್ಲಿ ಟಕಟಕ ಅಂತ ಬಡಿಯೋದೇ ನಿಮಗೆ ಗೀರ್ ಅಂತ ಕೇಳಿಸುತ್ತಿರೋದು. ಇದನ್ನು "ಹಾಗೇ ಇರುತ್ತೆ" ಅಂತ ಬಿಟ್ಟರೆ ಹಲ್ಲು ಸವೆದು ಗೇಜು ಸುಳ್ಳು ಹೇಳಲು ಶುರು ಮಾಡುತ್ತದೆ.

ಒಂದು ಪ್ರಶ್ನೆ. ಗೇಜಿಗೆ ಕವಲು ತೆಗೆಯಲು ಟೀ (ಮೂರು ಬಾಯಿಯ ಜೋಡಣೆ) ಹಾಕಿದ ಜಾಗದಿಂದ ಗೇಜಿನ ತನಕ ಹೋಸ್ ಎಷ್ಟು ಉದ್ದ ಇದೆ? ದಾರ ಹಿಡಿದು ಅಳತೆ ಮಾಡಿ ಹೇಳಿ.

ಮಲೆನಾಡ್_ಡೀಸೆಲ್

ಅಳೆದೆ ಮೇಷ್ಟ್ರೇ. 1 ಮೀಟರ್ 30 ಸೆಂಟಿಮೀಟರ್. ಯಾಕೆ?

ಗೇಜ್_ಮೇಷ್ಟ್ರು

ಹಾಗೇ ಅಂದುಕೊಂಡೆ! ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚಿದ ಕೊಳವೆಗೆ ತನ್ನದೇ ಒಂದು ಸ್ವರ ಇರುತ್ತದೆ, ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಬೂಂ ಅನ್ನುವ ಹಾಗೆ. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್, ಅದನ್ನು ಹೋಸಿನ ಉದ್ದದ ನಾಲ್ಕು ಪಟ್ಟಿನಿಂದ ಭಾಗಿಸಿ. 340 ಭಾಗಿಸು 5.2, ಸುಮಾರು 65. ನಿಮ್ಮ ಎಂಜಿನ್ 2,000ದಲ್ಲಿ ಹೊಡೆಯೋದು 67. ಎರಡೂ ಕೂಡಿದ ಕಡೆ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಆಗುತ್ತದೆ. ತೆಳ್ಳಗಿನ ಮೆತ್ತನೆ ಹೋಸಿನಲ್ಲಿ ಲೆಕ್ಕ ಇಷ್ಟು ಪಕ್ಕಾ ಕೂರುವುದಿಲ್ಲ, ಆದರೆ 1,800-2,200ರಲ್ಲಿ ಮಾತ್ರ ಯಾಕೆ ಅನ್ನೋದಕ್ಕೆ ಇದೇ ಕಾರಣ ಅಂತ ನನ್ನ ಅಂದಾಜು.

ಕೆಎ20_ಸವಾರ

ಹಾಗಾದ್ರೆ ಅರ್ಧ ಮೀಟರ್ ಹೋಸ್ ಜಾಸ್ತಿ ಹಾಕಿದರೆ ಮುಗೀತಲ್ವಾ?

ಗೇಜ್_ಮೇಷ್ಟ್ರು

ಮುಗಿಯಲ್ಲ. 1.8 ಮೀಟರ್ ಮಾಡಿದರೆ ಸ್ವರ 47ಕ್ಕೆ ಇಳಿಯುತ್ತದೆ, ಆಗ 1,400 ಆರ್‌ಪಿಎಂನಲ್ಲಿ ಕೂಗುತ್ತದೆ. ಊರೊಳಗೆ ಓಡಿಸೋದೇ ಆ ಆರ್‌ಪಿಎಂನಲ್ಲಿ! ಬಡಿತವನ್ನೇ ಗೇಜಿಗೆ ಮುಟ್ಟದ ಹಾಗೆ ಮಾಡಬೇಕು.

ಅಡಿಕೆತೋಟ77

ಇದು ನಮ್ಮ ಔಷಧಿ ಹೊಡೆಯುವ ಪಂಪಿನ ಕಥೆಯೇ ಅಲ್ವಾ! ಮಳೆಗಾಲಕ್ಕೆ ಮುಂಚೆ ಬೋರ್ಡೋ ಹೊಡೆಯುವಾಗ ಎಚ್‌ಟಿಪಿ ಪಂಪಿನ ಗೇಜ್ ಮುಳ್ಳು ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ. ಪಿಸ್ಟನ್ ಪಂಪು, ನೀರನ್ನು ತಳ್ಳಿ ತಳ್ಳಿ ಬಿಡುತ್ತದೆ. ಅದಕ್ಕೇ ಅದರ ತಲೆ ಮೇಲೆ ಗುಂಡಗಿನ ಏರ್ ಚೇಂಬರ್ ಇಟ್ಟಿರೋದು, ಒಳಗಿನ ಗಾಳಿ ಸ್ಪ್ರಿಂಗಿನ ಹಾಗೆ ಒತ್ತಿಸಿಕೊಂಡು ಬಡಿತ ನುಂಗುತ್ತದೆ. ನಮ್ಮದರಲ್ಲಿ ಒಂದು ವರ್ಷ ಚೇಂಬರಿನ ಗಾಳಿ ಹೋಗಿ, ಮೇಲೆ ಮರದಲ್ಲಿ ಗನ್ ಹಿಡಿದವನ ಕೈ ನಡುಗಿ ಬೈಗುಳ ಕೆಳಗಿದ್ದ ನನಗೆ ಬಿತ್ತು.

ಕಾರಿಗೂ ಅಂಥದ್ದೊಂದು ಪುಟ್ಟ ಡಬ್ಬಿ ಹೋಸಿನ ಮಧ್ಯ ಹಾಕಿದರೆ ಆಗಲ್ವಾ ಮೇಷ್ಟ್ರೇ?

ಗೇಜ್_ಮೇಷ್ಟ್ರು

ಆಗುತ್ತದೆ, ಚೆನ್ನಾಗಿ ಹೇಳಿದಿರಿ. ಆದರೆ ಡಬ್ಬಿ ಒಂದೇ ಸಾಲದು, ಅದರ ಮುಂದೆ ಒಂದು ಸಣ್ಣ ತೂತು ಬೇಕು. ತೂತಿನಲ್ಲಿ ಗಾಳಿ ನಿಧಾನ ಹೋಗುತ್ತದೆ, ಡಬ್ಬಿ ತುಂಬಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಮುಂದಿನ ಬಡಿತ ಬಂದು ಮೇಲೆ ಕೆಳಗೆ ಸರಾಸರಿ ಆಗಿಬಿಡುತ್ತದೆ. ಬೂಸ್ಟ್ ನಿಜವಾಗಿ ಏರಿದಾಗ ಮುಳ್ಳೂ ಏರುತ್ತದೆ, ಬಡಿತಕ್ಕೆ ಮಾತ್ರ ಅಲುಗಾಡಲ್ಲ. ಫ್ಯಾಕ್ಟರಿಗಳಲ್ಲಿ ಇದನ್ನೇ ಸ್ನಬ್ಬರ್ ಅಂತ ಗೇಜಿನ ಕತ್ತಿಗೆ ಹಾಕುತ್ತಾರೆ.

ಹುಬ್ಬಳ್ಳಿ_ಪಂಪ್‌ರೂಮ್

ತೂತು ಡಬ್ಬಿ ಎಲ್ಲಾ ಆಮೇಲೆ ರೀ. ಮೊದಲು ಟೀ ಎಲ್ಲಿ ಹಾಕ್ಯಾರ ಅದನ್ನ ಹೇಳ್ರಿ. ನಾನು ಡೀಸೆಲ್ ಪಂಪು ರಿಪೇರಿ ಮಾಡೋನು, ಈ ಗೇಜ್ ಹಾಕಿಸಿಕೊಂಡು ಗಾಡಿ ಕೆಡಿಸಿಕೊಂಡು ಬಂದವರನ್ನ ಬೇಕಾದಷ್ಟು ನೋಡೀನಿ.

ಬ್ರೇಕ್ ಬೂಸ್ಟರಿನ ಹೋಸಿಗೆ ಹಾಕಿದ್ದರೆ ಅಲ್ಲಿ ಬೂಸ್ಟೇ ಬರಲ್ಲ, ಅದು ವ್ಯಾಕ್ಯೂಮ್ ಪಂಪಿನ ಲೈನು. ಪೆಟ್ರೋಲ್ ಗಾಡಿ ಮಾಡಿ ರೂಢಿ ಇದ್ದ ಹುಡುಗರು ಈ ತಪ್ಪು ಮಾಡುತ್ತಾರೆ. ಅಲ್ಲಿ ಲೀಕ್ ಆದರೆ ಬ್ರೇಕ್ ಕಲ್ಲಾಗುತ್ತದೆ. ಟರ್ಬೊದಿಂದ ವೇಸ್ಟ್‌ಗೇಟ್ ಆಕ್ಚುಯೇಟರಿಗೆ ಹೋಗುವ ಹೋಸಿಗೆ ಹಾಕಿದ್ದರೆ ಇನ್ನೂ ಕೆಟ್ಟದ್ದು. ಆ ಹೋಸಿನಲ್ಲಿ ಲೀಕ್ ಬಂತು ಅನ್ರಿ, ಆಕ್ಚುಯೇಟರಿಗೆ ಒತ್ತಡ ಕಡಿಮೆ ಮುಟ್ಟುತ್ತದೆ, ವೇಸ್ಟ್‌ಗೇಟ್ ತಡವಾಗಿ ತೆರೆಯುತ್ತದೆ, ಬೂಸ್ಟ್ ಮಿತಿ ಮೀರುತ್ತದೆ. ನಿಮ್ಮ ಸುಯ್ ಸದ್ದು ನನಗೆ ಲೀಕ್ ಅಂತಲೇ ಅನಿಸುತ್ತದೆ.

ಒಂದು ಪರೀಕ್ಷೆ ಮಾಡ್ರಿ. ಎಂಜಿನ್ ಬಂದ್ ಮಾಡಿ, ಟೀ ಆದ ಮೇಲೆ ಗೇಜಿಗೆ ಹೋಗುವ ಹೋಸನ್ನು ಬಟ್ಟೆ ಸುತ್ತಿ ಪ್ಲೈಯರಿನಲ್ಲಿ ಒತ್ತಿ ಕೇಬಲ್ ಟೈ ಬಿಗಿದು ಬಂದ್ ಮಾಡ್ರಿ. ಆಮೇಲೆ ಒಂದು ರೌಂಡ್ ಓಡಿಸಿ ಬರ್ರಿ. ಯಾವ ಸದ್ದು ಹೋಯಿತು, ಯಾವುದು ಉಳಿಯಿತು ಅಂತ ಹೇಳ್ರಿ.

ಮಲೆನಾಡ್_ಡೀಸೆಲ್

ಮಾಡಿದೆ. ಗೀರ್ ಪೂರ್ತಿ ನಿಂತಿತು. ಸುಯ್ ಹಾಗೇ ಇದೆ!

ಟೀ ಇರೋದು ಮ್ಯಾಪ್ ಸೆನ್ಸರಿಗೆ (ಮ್ಯಾನಿಫೋಲ್ಡಿನ ಒತ್ತಡ ಅಳೆಯುವಂಥದ್ದು) ಹೋಗುವ ಸಣ್ಣ ರಬ್ಬರ್ ಹೋಸಿನಲ್ಲಿ. ಬಾನೆಟ್ ಎತ್ತಿ, ಪಾತ್ರೆ ತೊಳೆಯುವ ಸೋಪಿನ ನೀರು ಮಾಡಿಕೊಂಡು ಹಳೆ ಟೂತ್‌ಬ್ರಶ್ಶಿನಲ್ಲಿ ಹಚ್ಚಿದೆ. ಐಡ್ಲಿಂಗ್‌ನಲ್ಲಿ ಏನೂ ಕಾಣಲಿಲ್ಲ. ತಮ್ಮನನ್ನು ಕೂರಿಸಿ ರೇಸ್ ಮಾಡಿಸಿದಾಗ ಟೀ ಹತ್ತಿರ ನೊರೆ ಬಂತು, ಸಣ್ಣಗೆ. ಪ್ಲಾಸ್ಟಿಕ್ ಟೀ, ಒಂದು ಕಾಲು ಸೀಳಿದೆ. ಕ್ಲಿಪ್ ಇಲ್ಲವೇ ಇಲ್ಲ, ಸುಮ್ನೆ ತುರುಕಿದ್ದಾರೆ.

ಹುಬ್ಬಳ್ಳಿ_ಪಂಪ್‌ರೂಮ್

ನೋಡ್ರಿ. ಎರಡು ಸದ್ದು, ಎರಡು ರೋಗ. ಒಂದಕ್ಕೆ ಔಷಧಿ ಕೊಟ್ಟು ಇನ್ನೊಂದು ಹೋಗಲಿಲ್ಲ ಅಂತ ಜನ ಗೇಜ್ ಬದಲಿಸುತ್ತಾ ಕೂರುತ್ತಾರೆ. ಗೇಜ್ ಚೆನ್ನಾಗೇ ಇರುತ್ತದೆ. ಹಿತ್ತಾಳೆ ಟೀ ಹಾಕ್ರಿ, ಮೂರೂ ಕಡೆ ಸ್ಪ್ರಿಂಗ್ ಕ್ಲಿಪ್. ಸೀಲಿಂಗ್ ಟೇಪ್ ಸುತ್ತಬೇಡ್ರಿ, ತುಂಡು ಒಳಗೆ ಹೋದರೆ ಸೆನ್ಸರಿಗೆ ಅಡ್ಡ.

ಕೆಎ20_ಸವಾರ

ಸಣ್ಣ ತೂತಿಗೆ ಅಂಗಡಿಯಲ್ಲಿ ಏನಂತ ಕೇಳೋದು? ನನ್ನ ಫ್ರೆಂಡ್ ಮೀನಿನ ತೊಟ್ಟಿಗೆ ಗಾಳಿ ಬಿಡುವ ಪುಟ್ಟ ವಾಲ್ವ್ ಹಾಕಿದ್ದ. ತಿರುಗಿಸಿ ಬೇಕಾದಷ್ಟು ಬಿಗಿ ಮಾಡಬಹುದು, ಚಿಲ್ಲರೆ ಕಾಸಿಗೆ ಸಿಗುತ್ತದೆ.

ದೋಹಾ_ಕನ್ನಡಿಗ

ಅದನ್ನೇ ಹಾಕಿ ಕೈ ಸುಟ್ಟುಕೊಂಡವನು ನಾನು. ಇಲ್ಲಿ ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ, ಬಾನೆಟ್ ಒಳಗಿನ ಕಾವು ಕೇಳಲೇಬೇಡಿ. ಪ್ಲಾಸ್ಟಿಕ್ ವಾಲ್ವ್ ಮೆತ್ತಗಾಗಿ ಹೋಸು ಕಳಚಿ ಬಂತು. ಹಾಕಲೇಬೇಕಂದ್ರೆ ಡ್ಯಾಶ್‌ಬೋರ್ಡಿನ ಒಳಗೆ, ಗೇಜಿನ ಹತ್ತಿರ ಹಾಕಿ.

ಅಡಿಕೆತೋಟ77

ಆಸ್ಪತ್ರೆಯ ಡ್ರಿಪ್ ಪೈಪಿಗೆ ಚಕ್ರ ಇರುತ್ತದಲ್ಲ, ಅದು ನಡೆಯುತ್ತಾ? ಮನೆಯಲ್ಲಿ ಎರಡು ಬಿದ್ದಿವೆ 😄

ದೋಹಾ_ಕನ್ನಡಿಗ

ಗಾಡಿಗೆ ಜ್ವರ ಬಂದಾಗ ಗ್ಲೂಕೋಸೂ ಏರಿಸಬಹುದು 😂

ಗೇಜ್_ಮೇಷ್ಟ್ರು

ಡ್ರಿಪ್ ಪೈಪು ಬಿಸಿಗೆ ಅಂಟಾಗುತ್ತದೆ, ಬೇಡ. ಮೂರು ದಾರಿ ಇವೆ. ಮಿಗ್ ವೆಲ್ಡಿಂಗಿನ ತಾಮ್ರದ ಟಿಪ್, 0.8 ಎಂಎಂ ವಯರಿನದು, ತೂತು ಅದಕ್ಕಿಂತ ಸ್ವಲ್ಪ ದೊಡ್ಡದಿರುತ್ತದೆ. ವೆಲ್ಡಿಂಗ್ ಶಾಪಿನಲ್ಲಿ ಬಳಸಿ ಬಿಸಾಡಿದ್ದು ಬೇಡ, ತೂತು ಸವೆದು ಅಂಡಾಕಾರ ಆಗಿರುತ್ತದೆ. ಎರಡನೇದು ಹಳೆ ಬೈಕಿನ ಕಾರ್ಬುರೇಟರಿನ ಪೈಲಟ್ ಜೆಟ್, ಹೋಸಿನೊಳಗೆ ತುರುಕಿ ಹೊರಗಿನಿಂದ ಕ್ಲಿಪ್ ಬಿಗಿಯಿರಿ. ಮೂರನೇದು ಗತಿ ಇಲ್ಲದವರಿಗೆ: ಎರಡು ಇಂಚು ಹಿತ್ತಾಳೆ ಕೊಳವೆಗೆ ಎಂ-ಸೀಲ್ ತುಂಬಿ, ಎಣ್ಣೆ ಸವರಿದ ಗುಂಡುಸೂಜಿಯನ್ನು ನಟ್ಟನಡುವೆ ಚುಚ್ಚಿ ಇಟ್ಟು, ಗಟ್ಟಿಯಾದ ಮೇಲೆ ಎಳೆದು ತೆಗೆಯಿರಿ. ಆ ತೂತು ಸಾಕು.

ಡಬ್ಬಿಗೆ ಸ್ಕೂಟರಿನ ಪೆಟ್ರೋಲ್ ಫಿಲ್ಟರ್ ಹಾಕಿ, ಪಾರದರ್ಶಕ ಇರುವಂಥದ್ದು. ಅದೂ ಪ್ಲಾಸ್ಟಿಕ್ಕೇ, ಡ್ಯಾಶ್‌ಬೋರ್ಡಿನ ಒಳಗೇ ಇರಲಿ. ತೀರಾ ಸಣ್ಣ ತೂತು ಮಾಡಿದರೆ ಮುಳ್ಳು ಸೋಮಾರಿಯಾಗುತ್ತದೆ. ಕಾಲು ತೆಗೆದ ಮೇಲೂ ಮೇಲೇ ನಿಂತು ಮೆಲ್ಲಗೆ ಇಳಿದರೆ ಜಾಸ್ತಿ ಬಿಗಿಯಾಯಿತು ಅಂತ ಅರ್ಥ.

ಮಲೆನಾಡ್_ಡೀಸೆಲ್

ಬೈಬೇಡಿ. ಇವತ್ತು ಹಿತ್ತಾಳೆ ಟೀ ಮತ್ತು ಮಿಗ್ ಟಿಪ್ ಹಾಕಿದೆ. ಸುಯ್ ಹೋಯಿತು, ಗೀರೂ ಹೋಯಿತು. ಆದರೆ ಗಾಡಿಗೆ ಜೀವವೇ ಇಲ್ಲ. ಆಕ್ಸಿಲೇಟರ್ ಒತ್ತಿದರೆ ಯೋಚನೆ ಮಾಡಿ ಮುಂದೆ ಹೋಗುತ್ತದೆ. ಗೇರ್ ಬದಲಿಸಿ ಒತ್ತಿದರೆ ಹಿಂದೆ ಕಪ್ಪು ಹೊಗೆ. ತೀರ್ಥಹಳ್ಳಿ ಪೇಟೆಯಲ್ಲಿ ಹಿಂದಿನ ಬೈಕಿನವನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಈಗ ಎಂಜಿನ್ ಲೈಟೂ ಬಂದಿದೆ.

ಹುಬ್ಬಳ್ಳಿ_ಪಂಪ್‌ರೂಮ್

ಟಿಪ್ ಎಲ್ಲಿ ಹಾಕಿದ್ರಿ? ಮ್ಯಾನಿಫೋಲ್ಡಿಗೂ ಟೀಗೂ ನಡುವೆ ಅಲ್ಲ ತಾನೇ?

ಮಲೆನಾಡ್_ಡೀಸೆಲ್

…ಅಲ್ಲೇ. ಅಲ್ಲಿ ಕೈ ಚೆನ್ನಾಗಿ ಹೋಗುತ್ತಿತ್ತು.

ಹುಬ್ಬಳ್ಳಿ_ಪಂಪ್‌ರೂಮ್

ಅಯ್ಯೋ ಶಿವನೇ! ಗೇಜಿನ ಬಾಯಿ ಮುಚ್ಚಿಸಲು ಹೋಗಿ ಸೆನ್ಸರಿನ ಮೂಗು ಒತ್ತಿದಿರಿ. ಅಲ್ಲಿಂದ ಮುಂದೆ ಸೆನ್ಸರಿಗೂ ಗಾಳಿ ಅದೇ ತೂತಿನಲ್ಲಿ ಹೋಗಬೇಕು. ಬೂಸ್ಟ್ ಏರಿದಾಗ ಈಸಿಯುಗೆ (ಎಂಜಿನ್ನಿನ ಕಂಪ್ಯೂಟರಿಗೆ) ತಡವಾಗಿ ಗೊತ್ತಾಗುತ್ತದೆ, ಗಾಳಿ ಇಲ್ಲ ಅಂತ ಡೀಸೆಲ್ ಕಡಿಮೆ ಕೊಡುತ್ತದೆ, ಪಿಕಪ್ ಸಾಯುತ್ತದೆ. ಗೇರ್ ಬದಲಿಸುವಾಗ ಬೂಸ್ಟ್ ಇಳಿದಿರುತ್ತದೆ, ಸೆನ್ಸರ್ ಇನ್ನೂ ಮೇಲೇ ಹೇಳುತ್ತಿರುತ್ತದೆ, ಇಲ್ಲದ ಗಾಳಿಗೆ ಡೀಸೆಲ್ ಸುರಿಯುತ್ತದೆ. ಅದೇ ಕಪ್ಪು ಹೊಗೆ. ಟಿಪ್ ಟೀ ಆದ ಮೇಲೆ, ಗೇಜಿಗೆ ಹೋಗುವ ಕವಲಿನಲ್ಲಿ ಮಾತ್ರ ಇರಬೇಕು. ಇವತ್ತೇ ತೆಗೀರಿ, ಹಾಗೇ ಓಡಿಸಬೇಡ್ರಿ.

ಇನ್ನೊಂದು. ಇಜಿಆರ್ ಹೊಗೆ (ಎಂಜಿನ್ ಬಿಟ್ಟ ಹೊಗೆಯಲ್ಲಿ ವಾಪಸ್ ಒಳಗೆ ಕಳಿಸುವ ಪಾಲು) ಬಂದು ಸೇರುವ ಜಾಗ ದಾಟಿ ಗಾಳಿ ತಗೊಂಡಿದ್ದರೆ ಮಸಿ ಮತ್ತು ಎಣ್ಣೆ ಸೇರಿ ಡಾಂಬರಿನ ಹಾಗೆ ಆಗುತ್ತದೆ. ಅಷ್ಟು ಸಣ್ಣ ತೂತು ಮುಚ್ಚಲು ಜಾಸ್ತಿ ದಿನ ಬೇಡ. ಇಂಟರ್‌ಕೂಲರಿನಿಂದ ಬರುವ ಪೈಪಿನಲ್ಲಿ, ಇಜಿಆರ್‌ಗೆ ಮುಂಚೆ, ಗೇಜಿಗೇ ಬೇರೆ ನಿಪ್ಪಲ್ ಹಾಕಿಸಿಕೊಂಡರೆ ಸೆನ್ಸರಿನ ಹೋಸ್ ಮುಟ್ಟುವ ಕೆಲಸವೇ ಇಲ್ಲ. ನಾನು ಹಾಗೇ ಮಾಡೋದು.

ಗೇಜ್_ಮೇಷ್ಟ್ರು

ನನ್ನದೂ ತಪ್ಪಿದೆ. ಎಲ್ಲಿ ಹಾಕಬೇಕು ಅಂತ ನಾನು ಬರೆಯಲೇ ಇಲ್ಲ. ಪಾಠ ಹೇಳುವಾಗಲೂ ಇದೇ ಚಾಳಿ.

ಹೋಸು ಎಂಜಿನ್ನಿನಿಂದ ಗೇಜಿನ ತನಕ ಮೇಲ್ಮುಖವಾಗಿ ಏರುತ್ತಾ ಹೋಗಲಿ. ನಡುವೆ ಜೋತು ಬಿದ್ದರೆ ಎಣ್ಣೆಯ ಹನಿ ಅಲ್ಲೇ ನಿಂತು ಗೊಳಗೊಳ ಅನ್ನುತ್ತದೆ.

ಕೆಎ20_ಸವಾರ

ಗ್ಲಿಸರಿನ್ ತುಂಬಿದ ಗೇಜ್ ತಗೊಂಡಿದ್ದರೆ ಇಷ್ಟೆಲ್ಲ ಬೇಕಿತ್ತಾ?

ಗೇಜ್_ಮೇಷ್ಟ್ರು

ಗ್ಲಿಸರಿನ್ ಮುಳ್ಳನ್ನೂ ಗೇರನ್ನೂ ಹಿಡಿದು ನಿಲ್ಲಿಸುತ್ತದೆ ನಿಜ, ಪಂಪುಗಳಲ್ಲಿ ಅದಕ್ಕೇ ಹಾಕೋದು. ಆದರೆ ಕಾರಿನ ಡ್ಯಾಶಿಗೆ ಹೊಂದುವಂಥದ್ದು ಸುಲಭಕ್ಕೆ ಸಿಗಲ್ಲ. ಬಿಸಿಲಿಗೆ ನಿಂತ ಕಾರಿನಲ್ಲಿ ಹಿಗ್ಗಿ ಸೋರಿದರೆ ಡ್ಯಾಶ್ ತುಂಬ ಅಂಟು. ಬೂಸ್ಟಿಗೆ ಸಣ್ಣ ತೂತೇ ವಾಸಿ.

ಅಡಿಕೆತೋಟ77

ನಮ್ಮಪ್ಪನ ಹಳೆ ಜೀಪಿನಲ್ಲಿ ಆಯಿಲ್ ಪ್ರೆಶರಿಗೂ ಹೀಗೇ ಪೈಪು ಒಳಗೇ ಬರುತ್ತಿತ್ತು. ಒಂದಿನ ಅದು ಸೀಳಿ ಅಪ್ಪನ ಬಿಳಿ ಪಂಚೆ ಪೂರ್ತಿ ಕರಿ ಎಣ್ಣೆ. ಕಾಲು ಸುಡಲಿಲ್ಲ ಅನ್ನೋದೇ ಪುಣ್ಯ. ಆಯಿಲಿಗೆ ಮಾತ್ರ ಯಾರೂ ಮೆಕ್ಯಾನಿಕಲ್ ಹಾಕಿಸಬೇಡಿ, ಎಂಜಿನ್ ಕಡೆ ಸೆಂಡರ್ (ಒತ್ತಡ ಅಳೆದು ವಯರಿನಲ್ಲಿ ತಿಳಿಸುವಂಥದ್ದು) ಇರುವ ವಯರಿನ ಗೇಜೇ ಸರಿ.

ಮಲೆನಾಡ್_ಡೀಸೆಲ್

ಅಪ್‌ಡೇಟ್. ಟಿಪ್ಪನ್ನು ಗೇಜಿನ ಕವಲಿಗೆ ಬದಲಿಸಿದೆ, ಫಿಲ್ಟರನ್ನು ಡ್ಯಾಶಿನ ಒಳಗೆ ಸ್ಪಂಜು ಸುತ್ತಿ ಕಟ್ಟಿದೆ. ಡಾಂಗಲಿನಿಂದ ಕೋಡ್ ಅಳಿಸಿದೆ, ಲೈಟು ಮತ್ತೆ ಬಂದಿಲ್ಲ. ಕೊನೆಗೂ ಡಾಂಗಲ್ ಒಂದಕ್ಕೆ ಉಪಯೋಗಕ್ಕೆ ಬಂತು ಸವಾರಣ್ಣ.

ನಿನ್ನೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದೆ. 14 ತಿರುವಿನಲ್ಲೂ ಕಿವಿ ಅದರ ಮೇಲೇ. ಮುಳ್ಳು ಎಣ್ಣೆಯಲ್ಲಿ ಅದ್ದಿದ ಹಾಗೆ ನಯವಾಗಿ 1.1ರ ತನಕ ಏರುತ್ತದೆ, ಇಳಿಯುತ್ತದೆ. ಗೀರ್ ಇಲ್ಲ. ಪಿಕಪ್ ಮೊದಲಿಗಿಂತ ಚೆನ್ನಾಗಿದೆ ಅನಿಸಿತು, ಟೀ ಲೀಕ್ ಹೋದದ್ದಕ್ಕೋ ನನ್ನ ಭ್ರಮೆಯೋ.

ಆದರೆ ಇವೆಲ್ಲ ಹೋದ ಮೇಲೆ ಮೂರನೇ ಸದ್ದು ಕೇಳಿಸತೊಡಗಿತು! ಟರ್ಬೊ ಶಿಳ್ಳೆ, ಕಾಲಿನ ಹತ್ತಿರದಿಂದ.

ದೋಹಾ_ಕನ್ನಡಿಗ

ಹೋಸ್ ಒಳಗೆ ತರಲು ಫೈರ್‌ವಾಲಿಗೆ (ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡು) ತೂತು ಹೊಡೆದಿರ್ತಾರೆ, ಗ್ರಾಮೆಟ್ ರಬ್ಬರ್ ಹಾಕಿರಲ್ಲ. ಟಾರ್ಚ್ ಹಿಡಿದು ನೋಡಿ. ರಬ್ಬರ್ ಇಲ್ಲದಿದ್ದರೆ ಸದ್ದು ಮಾತ್ರ ಅಲ್ಲ, ತಗಡಿನ ಅಂಚಿಗೆ ಉಜ್ಜಿ ಹೋಸೂ ಕೊಯ್ದು ಹೋಗುತ್ತದೆ.

ಮಲೆನಾಡ್_ಡೀಸೆಲ್

ಹೌದು, ಬರೀ ತೂತು. ಹೆಬ್ಬೆರಳು ಹೋಗುವಷ್ಟು. ಮಳೆ ನೀರೂ ಅಲ್ಲಿಂದಲೇ ಬರುತ್ತಿತ್ತು ಅನಿಸುತ್ತದೆ, ಮ್ಯಾಟ್ ಯಾಕೆ ಒದ್ದೆ ಅಂತ ತಲೆ ಕೆಡಿಸಿಕೊಂಡಿದ್ದೆ. ಗ್ರಾಮೆಟ್ ಹಾಕಿ ಸುತ್ತ ಸಿಲಿಕಾನ್ ಹಚ್ಚಿದೆ.

ಕೆಎ20_ಸವಾರ

ಅತ್ತಿಗೆ ಈಗ ಆಗುಂಬೆಗೆ ಬರ್ತಾರಾ?

ಮಲೆನಾಡ್_ಡೀಸೆಲ್

ಬಂದಳು. ಅರ್ಧ ಘಾಟಿಯಲ್ಲಿ "ಆ ಮೀಟರ್ ಕೆಟ್ಟು ಹೋಯ್ತಾ, ಸದ್ದೇ ಇಲ್ಲ" ಅಂತ ಕೇಳಿದಳು.

ಅಡಿಕೆತೋಟ77

😂😂 ಹೋಸಿನ ಒಳ ಅಳತೆ ಎಷ್ಟು ಹೇಳಿ, ನಾನೂ ಪಿಕಪ್ಪಿಗೆ ಹಾಕಿಸಬೇಕು.

ಮಲೆನಾಡ್_ಡೀಸೆಲ್

4 ಎಂಎಂ. ಹಿತ್ತಾಳೆ ಟೀ ನೀವೇ ತಗೊಂಡು ಹೋಗಿ, ಕ್ಲಿಪ್ಪನ್ನೂ. ಫಿಟ್ ಮಾಡುವಾಗ ಪಕ್ಕದಲ್ಲೇ ನಿಂತಿರಿ.